ಡೊಮೇನ್ ಅಥಾರಿಟಿ ಇಳಿದಿದೆ, ಕ್ಲಿಕ್ ಏರಿದೆ: ಯಾವುದನ್ನು ನಂಬಬೇಕು?

ಪೆಡಲ್_ಪುರಾಣ

ಎಲ್ಲರಿಗೂ ನಮಸ್ಕಾರ. ಸೈಕಲ್ ರಿಪೇರಿ ಬಗ್ಗೆ ಒಂದು ಸಣ್ಣ ವೆಬ್‌ಸೈಟ್ ನಡೆಸುತ್ತೇನೆ. ಚೈನ್, ಬ್ರೇಕ್, ಗೇರ್, ಪಂಕ್ಚರ್, ಇಷ್ಟೇ ವಿಷಯ. ಈಚೆಗೆ ಒಂದು ಟೂಲ್‌ನಲ್ಲಿ ನೋಡಿದರೆ ಸೈಟಿನ ಡೊಮೇನ್ ಅಥಾರಿಟಿ (ಡಿಎ, ಅಂದರೆ ಸೈಟಿಗೆ ಎಷ್ಟು ಬಲ ಇದೆ ಅಂತ ಅಂದಾಜಿಸುವ ಅಂಕ) 23ರಿಂದ 17ಕ್ಕೆ ಇಳಿದಿದೆ. ಇನ್ನೊಂದು ಟೂಲ್ ಡೊಮೇನ್ ರೇಟಿಂಗ್ ಅಂತ 8 ತೋರಿಸುತ್ತದೆ. ಮೂರನೆಯದರಲ್ಲಿ ಅಥಾರಿಟಿ ಸ್ಕೋರ್ 12. ಒಂದೇ ಸೈಟು, ಮೂರು ಅಂಕ.

ವಿಚಿತ್ರ ಏನೆಂದರೆ, ಇದೇ ಸಮಯದಲ್ಲಿ ಗೂಗಲ್ ಸೈಟ್ ಮಾಲೀಕರಿಗೆ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಕ್ಲಿಕ್‌ಗಳು ಜಾಸ್ತಿ ಆಗಿವೆ. ಅಷ್ಟೇ ಅಲ್ಲ, ಅಲ್ಲಿ ಸರಾಸರಿ ಸ್ಥಾನ ಮಾತ್ರ ಕೆಳಗೆ ಹೋಗಿದೆ. ಕ್ಲಿಕ್ ಮೇಲೆ, ಸ್ಥಾನ ಕೆಳಗೆ, ಡಿಎ ಕೆಳಗೆ.

ಇದರ ಮಧ್ಯೆ ಒಂದು ಎಸ್‌ಇಒ (ಸರ್ಚ್‌ನಲ್ಲಿ ಸೈಟನ್ನು ಮೇಲೆ ತರುವ ಕೆಲಸ) ಏಜೆನ್ಸಿಯಿಂದ ಮೇಲ್ ಬಂದಿದೆ. "ನಿಮ್ಮ ಡಿಎ ಅಪಾಯದಲ್ಲಿದೆ, ಗೂಗಲ್ ನಿಮ್ಮನ್ನು ಕೆಳಗೆ ತಳ್ಳಲಿದೆ, ನಾವು 40 ದಾಟಿಸಿ ಕೊಡುತ್ತೇವೆ" ಅಂತ. ದುಡ್ಡು ಕೊಡುವ ಮೊದಲು ವಿಷಯ ಅರ್ಥ ಮಾಡಿಕೊಳ್ಳೋಣ ಅಂತ ಇಲ್ಲಿ ಕೇಳುತ್ತಿದ್ದೇನೆ. ತಿಳಿದವರು ಬಿಡಿಸಿ ಹೇಳಿ.

ಬಿಟ್_ಬೈಟ್

ಮೊದಲು ಆ ಮೇಲ್ ಡಿಲೀಟ್ ಮಾಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಹಳೇ_ಬ್ಲಾಗಿಗ

ಒಂದೊಂದಾಗಿ ನೋಡೋಣ. ಡೊಮೇನ್ ಅಥಾರಿಟಿ ಗೂಗಲ್ ಕೊಡುವ ಅಂಕ ಅಲ್ಲ. ಅದು ಮಾಜ್ ಎಂಬ ಕಂಪನಿಯದು. ಡೊಮೇನ್ ರೇಟಿಂಗ್ ಅಹ್ರೆಫ್ಸ್‌ನದು. ಅಥಾರಿಟಿ ಸ್ಕೋರ್ ಸೆಮ್‌ರಶ್‌ದು. ಮೆಜೆಸ್ಟಿಕ್‌ನವರು ಟ್ರಸ್ಟ್ ಫ್ಲೋ, ಸೈಟೇಶನ್ ಫ್ಲೋ ಅಂತ ಎರಡು ಇಟ್ಟಿದ್ದಾರೆ. ಇವರೆಲ್ಲ ತಮ್ಮದೇ ಬಾಟ್ (ತಾನಾಗೇ ಪುಟ ಓದುವ ಪ್ರೋಗ್ರಾಮ್) ಬಿಟ್ಟು ವೆಬ್ ಜಾಲಾಡಿ, ಯಾರು ಯಾರಿಗೆ ಲಿಂಕ್ ಕೊಟ್ಟಿದ್ದಾರೆ ಅಂತ ಪಟ್ಟಿ ಮಾಡುತ್ತಾರೆ. ಒಬ್ಬರ ಬಾಟ್ ಕಂಡ ಲಿಂಕ್ ಇನ್ನೊಬ್ಬರ ಬಾಟ್‌ಗೆ ಕಂಡಿರುವುದಿಲ್ಲ. ಲೆಕ್ಕ ಹಾಕುವ ವಿಧಾನವೂ ಬೇರೆ. ಅಹ್ರೆಫ್ಸ್ ಪೂರ್ತಿ ಲಿಂಕ್ ಮೇಲೆ ನಿಂತಿದೆ. ಸೆಮ್‌ರಶ್ ಲಿಂಕ್ ಜೊತೆಗೆ ಸರ್ಚ್‌ನಿಂದ ಬರುವ ಟ್ರಾಫಿಕ್‌ನ ಅಂದಾಜನ್ನೂ ಸೇರಿಸುತ್ತದೆ. ಹಾಗಾಗಿ 17, 8, 12 ಮೂರನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ.

ಇನ್ನು ಇಳಿದದ್ದು ಯಾಕೆ? ಡಿಎ 1ರಿಂದ 100ರವರೆಗಿನ ಅಳತೆ. ಲಾಗರಿದಮಿಕ್. ಅಂದರೆ 20ರಿಂದ 30ಕ್ಕೆ ಏರುವುದಕ್ಕಿಂತ 70ರಿಂದ 80ಕ್ಕೆ ಏರುವುದು ಬಹಳ ಕಷ್ಟ. ಜೊತೆಗೆ ಅದು ಬೇರೆ ಸೈಟುಗಳಿಗೆ ಹೋಲಿಸಿ ಕೊಡುವ ಅಂಕ. ನೀವು ಏನೂ ಮಾಡದೆ ಸುಮ್ನೆ ಕೂತಿದ್ದರೂ, ಮೇಲಿನ ದೊಡ್ಡ ಸೈಟುಗಳಿಗೆ ರಾಶಿ ಲಿಂಕ್ ಬಂದರೆ ನಿಮ್ಮದು ಇಳಿಯಬಹುದು. ಮಾಜ್ ತನ್ನ ಲೆಕ್ಕದ ಮಾದರಿ ಬದಲಿಸಿದರೂ ಇಳಿಯಬಹುದು. 2019ರ ಮಾರ್ಚ್‌ನಲ್ಲಿ ಅವರು ಡಿಎ 2.0 ತಂದಾಗ ಎಷ್ಟೋ ಸೈಟುಗಳ ಅಂಕ ಒಮ್ಮೆಲೇ ಏರುಪೇರಾಯಿತು. ಆ ಸೈಟುಗಳಲ್ಲಿ ಒಂದಕ್ಷರ ಬದಲಾಗಿರಲಿಲ್ಲ.

ಸರ್ಚ್_ಸಂಗಾತಿ

ನಾನು ಇದೇ ಕೆಲಸದಲ್ಲಿರುವವನು. ಹಳೇ_ಬ್ಲಾಗಿಗ ಸಾರ್ ಹೇಳಿದ್ದು ಸರಿ, ಆದರೆ ಡಿಎ ಪೂರ್ತಿ ಕಸ ಅಂತ ತಳ್ಳಿಹಾಕಬೇಡಿ. ಹತ್ತು ಪ್ರತಿಸ್ಪರ್ಧಿ ಸೈಟುಗಳನ್ನು ಒಂದೇ ಟೂಲ್‌ನಲ್ಲಿ ಪಕ್ಕಪಕ್ಕ ಇಟ್ಟರೆ ಯಾರ ಲಿಂಕ್ ಬಲ ಎಷ್ಟು ಅನ್ನುವ ಅಂದಾಜು ಸಿಗುತ್ತದೆ. ಒಂದು ಹುಡುಕಾಟದ ಮೊದಲ ಪುಟದಲ್ಲಿ ಎಲ್ಲವೂ 80ರ ಮೇಲಿನ ಸೈಟುಗಳೇ ಇದ್ದರೆ, 17 ಇರುವವರು ಅಲ್ಲಿಗೆ ಮೊದಲು ನುಗ್ಗುವ ಬದಲು ಬೇರೆ ಪ್ರಶ್ನೆ ಹಿಡಿಯುವುದು ಒಳ್ಳೆಯದು. ಅಷ್ಟು ಉಪಯೋಗವಂತೂ ಇದೆ.

ತರ್ಕಶಾಲೆ

ಆ "ಅಂದಾಜು" ಅನ್ನುವ ಮಾತನ್ನು ನಿಮ್ಮ ಕಡೆಯವರು ಗ್ರಾಹಕರಿಗೆ ಹೇಳುವುದಿಲ್ಲ ಅಲ್ವಾ? ರಿಪೋರ್ಟ್‌ನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಡಿಎ ಇರುತ್ತದೆ. ಗೂಗಲ್‌ನ ಜಾನ್ ಮ್ಯೂಲರ್ ಎಷ್ಟೋ ಸಲ ಹೇಳಿದ್ದಾರೆ, ಡೊಮೇನ್ ಅಥಾರಿಟಿಯನ್ನು ಗೂಗಲ್ ಬಳಸುವುದಿಲ್ಲ ಅಂತ. ಇನ್ನೇನು ಬೇಕು?

ಸರ್ಚ್_ಸಂಗಾತಿ

ನಾನು ಹೇಳುತ್ತೇನೆ. ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ನೀಲಿಶಾಯಿ

ತರ್ಕಶಾಲೆಯವರೇ, ಅಷ್ಟು ಸಲೀಸಾಗಿ ಮುಗಿಸಬೇಡಿ. 2024ರ ಮೇನಲ್ಲಿ ಗೂಗಲ್ ಸರ್ಚ್‌ನ ಒಳಗಿನ ಎಪಿಐ (ಪ್ರೋಗ್ರಾಮ್‌ಗಳು ಪರಸ್ಪರ ಮಾಹಿತಿ ಕೇಳುವ ವಿಧಾನ) ದಾಖಲೆಗಳು ಸೋರಿಕೆ ಆದವು. ಅದರಲ್ಲಿ ಸೈಟ್‌ಅಥಾರಿಟಿ ಎಂಬ ಹೆಸರಿನ ಒಂದು ಅಂಶ ಸ್ಪಷ್ಟವಾಗಿ ಇತ್ತು. ಹಾಗಾದರೆ ಇಡೀ ಸೈಟಿಗೆ ಒಂದು ಅಂಕ ಅವರ ಬಳಿ ಇಲ್ಲ ಅಂತ ಹೇಗೆ ಹೇಳುತ್ತೀರಿ?

ತರ್ಕಶಾಲೆ

ಇಲ್ಲ ಅಂತ ನಾನು ಹೇಳಲಿಲ್ಲ. ಮಾಜ್‌ನ ಅಂಕ ಬಳಸುವುದಿಲ್ಲ ಅಂದೆ. ಎರಡೂ ಬೇರೆ.

ಹಳೇ_ಬ್ಲಾಗಿಗ

ಇಲ್ಲಿ ಇಬ್ಬರೂ ಸರಿ. ಈ ಒಂದು ಜಾಗದಲ್ಲೇ ಜನ ಹೆಚ್ಚು ಎಡವುವುದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಆ ಸೋರಿಕೆ ನಿಜ. ದಾಖಲೆಗಳು ತಮ್ಮವೇ ಅಂತ ಗೂಗಲ್ ಒಪ್ಪಿಕೊಂಡಿತು. ಸಂದರ್ಭ ಗೊತ್ತಿಲ್ಲದೆ, ಹಳೆಯದೋ ಅರ್ಧದ್ದೋ ಆದ ಮಾಹಿತಿ ಹಿಡಿದು ತೀರ್ಮಾನಕ್ಕೆ ಬರಬೇಡಿ ಅಂತಲೂ ಹೇಳಿತು. ಆ ದಾಖಲೆಗಳಲ್ಲಿ ಸಾವಿರಾರು ಅಂಶಗಳ ಹೆಸರುಗಳಿವೆ. ಆದರೆ ಯಾವುದಕ್ಕೆ ಎಷ್ಟು ತೂಕ, ಯಾವುದು ಈಗಲೂ ಚಾಲ್ತಿಯಲ್ಲಿದೆ, ಯಾವುದು ಬರೀ ಪ್ರಯೋಗಕ್ಕೆ ಅನ್ನುವುದು ಇಲ್ಲ. ಸೈಟ್‌ಅಥಾರಿಟಿ ಎಂಬ ಹೆಸರು ಇದೆ, ಅದನ್ನು ಹೇಗೆ ಲೆಕ್ಕ ಹಾಕುತ್ತಾರೆ ಅನ್ನುವುದು ಇಲ್ಲ.

ಹಾಗಾಗಿ ಗೂಗಲ್ ಬಳಿ ಇಡೀ ಸೈಟಿನ ಬಗ್ಗೆ ಏನೋ ಒಂದು ಅಭಿಪ್ರಾಯ ಇರುತ್ತದೆ ಅಂದುಕೊಳ್ಳುವುದು ತಪ್ಪಲ್ಲ. ಸೈಟ್ ಮಟ್ಟದ ಕೆಲವು ಸಂಕೇತಗಳನ್ನು ನೋಡುತ್ತೇವೆ ಅಂತ ಗೂಗಲ್ ತಾನೇ ಬರೆದುಕೊಂಡಿದೆ. ಆದರೆ ಆ ಅಭಿಪ್ರಾಯ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮಾಜ್, ಅಹ್ರೆಫ್ಸ್ ತೋರಿಸುವುದು ಹೊರಗೆ ನಿಂತು ಮಾಡಿದ ಊಹೆ. ಜ್ವರ ಅಳೆಯುವ ಥರ್ಮಾಮೀಟರನ್ನು ಬಿಸಿನೀರಿಗೆ ಅದ್ದಿ ಅಂಕಿ ಏರಿಸಿದರೆ ಮೈ ಬಿಸಿಯಾಗುವುದಿಲ್ಲ. ಡಿಎ 40 ಮಾಡಿಸಿಕೊಡುತ್ತೇವೆ ಅನ್ನುವವರು ಮಾಡುವುದು ಅದನ್ನೇ.

ಮೌನವೀಣೆ

ಹಾಗಾದರೆ ಲಿಂಕ್‌ಗಳಿಗೆ ಬೆಲೆ ಇಲ್ಲವಾ? ನನಗೆ ಎಸ್‌ಇಒ ಕಲಿಸಿದವರು ಬ್ಯಾಕ್‌ಲಿಂಕ್ ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಮಗೆ ಬರುವ ಲಿಂಕ್) ಅಂತ ಜಪ ಮಾಡುತ್ತಿದ್ದರು.

ಕ್ರಾಲರ್_27

ಬೆಲೆ ಇದೆ. ಪೇಜ್‌ರ‍್ಯಾಂಕ್ (ಲಿಂಕ್ ನೋಡಿ ಪುಟಕ್ಕೆ ಗೂಗಲ್ ಕೊಡುವ ಅಂಕ) ಶುರುವಾದದ್ದೇ ಅಲ್ಲಿಂದ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆಯ್ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬರೆದ ಪ್ರಬಂಧದಲ್ಲಿ ಇದರ ಲೆಕ್ಕ ಇದೆ. ಒಬ್ಬ ಮನುಷ್ಯ ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಒತ್ತುತ್ತಾ ಹೋಗುತ್ತಾನೆ, ಬೇಜಾರಾದಾಗ ಎಲ್ಲಿಗೋ ಹಾರುತ್ತಾನೆ. ಹೀಗೆ ಅಲೆಯುವಾಗ ಯಾವ ಪುಟಕ್ಕೆ ಅವನು ಬರುವ ಸಾಧ್ಯತೆ ಎಷ್ಟು, ಅದೇ ಆ ಪುಟದ ಅಂಕ. ಲಿಂಕ್ ಹಿಡಿದು ಮುಂದುವರಿಯುವ ಸಾಧ್ಯತೆಯನ್ನು ಅವರು 0.85 ಅಂತ ಇಟ್ಟಿದ್ದರು.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಲೆಕ್ಕ ಪುಟದ್ದು, ಸೈಟಿನದ್ದಲ್ಲ. ಎರಡು, ಒಂದು ಪುಟ ತನ್ನ ಬಲವನ್ನು ಅದರಲ್ಲಿರುವ ಲಿಂಕ್‌ಗಳಿಗೆಲ್ಲ ಹಂಚುತ್ತದೆ. ಐದು ಲಿಂಕ್ ಇರುವ ಪುಟದಿಂದ ಬಂದದ್ದಕ್ಕೂ ಐನೂರು ಲಿಂಕ್ ಇರುವ ಪುಟದಿಂದ ಬಂದದ್ದಕ್ಕೂ ತೂಕ ಒಂದೇ ಅಲ್ಲ. ಇಂದಿನ ಪೇಜ್‌ರ‍್ಯಾಂಕ್ ಆಗಿನದಕ್ಕಿಂತ ತುಂಬಾ ಬದಲಾಗಿದೆ, ಆದರೆ ಗೂಗಲ್ ತನ್ನ ರ‍್ಯಾಂಕಿಂಗ್ ವ್ಯವಸ್ಥೆಗಳ ಪಟ್ಟಿಯಲ್ಲಿ ಅದನ್ನು ಈಗಲೂ ಇಟ್ಟಿದೆ.

ಬಿಟ್_ಬೈಟ್

ಪೇಜ್‌ರ‍್ಯಾಂಕ್ ತೋರಿಸುತ್ತಿದ್ದ ಗೂಗಲ್‌ನ ಹಳೇ ಟೂಲ್‌ಬಾರ್ ನೆನಪಿದೆಯಾ ಯಾರಿಗಾದರೂ? ಬ್ರೌಸರ್ ಮೇಲ್ಗಡೆ ಹಸಿರು ಪಟ್ಟಿ, 0ಯಿಂದ 10ರವರೆಗೆ.

ಹಳೇ_ಬ್ಲಾಗಿಗ

ನೆನಪಿಲ್ಲದೆ ಏನು! ಆ ಹಸಿರು ಪಟ್ಟಿ ಬಂದಮೇಲೇ ಲಿಂಕ್ ಮಾರಾಟ ದೊಡ್ಡ ವ್ಯಾಪಾರ ಆಯಿತು. ಅಂಕ ಕಣ್ಣಿಗೆ ಕಂಡರೆ ಅದಕ್ಕೊಂದು ರೇಟು ಬರುತ್ತದೆ. 2013ರ ಡಿಸೆಂಬರ್ ನಂತರ ಗೂಗಲ್ ಅದನ್ನು ಅಪ್‌ಡೇಟ್ ಮಾಡಲಿಲ್ಲ. 2016ರಲ್ಲಿ ಹೊರಗಿನವರಿಗೆ ತೋರಿಸುವುದನ್ನೇ ನಿಲ್ಲಿಸಿತು. ಅಂಕ ಕಾಣದಾದಾಗ ಖಾಲಿಯಾದ ಕುರ್ಚಿಯಲ್ಲಿ ಡಿಎ, ಡೊಮೇನ್ ರೇಟಿಂಗ್ ಬಂದು ಕೂತವು. ವ್ಯಾಪಾರ ಮಾತ್ರ ಹಾಗೇ ಮುಂದುವರಿಯಿತು.

ನೀಲಿಶಾಯಿ

ಅಲೆಕ್ಸಾ ರ‍್ಯಾಂಕ್ (ಸೈಟಿಗೆ ಎಷ್ಟು ಜನ ಬರುತ್ತಾರೆ ಅಂತ ಅಂದಾಜಿಸಿ ಕೊಡುತ್ತಿದ್ದ ಸ್ಥಾನ) ಕೂಡ ಹಾಗೇ. ಎಲ್ಲರೂ ಸೈಟಿನ ಮೂಲೆಯಲ್ಲಿ ಅದರ ಬ್ಯಾಡ್ಜ್ ಹಾಕಿಕೊಳ್ಳುತ್ತಿದ್ದರು. 2022ರ ಮೇನಲ್ಲಿ ಅದೂ ಮುಚ್ಚಿತು.

ಪೆಡಲ್_ಪುರಾಣ

ತುಂಬಾ ಧನ್ಯವಾದ. ಆ ಏಜೆನ್ಸಿಯವರು ಮೇಲ್ ಜೊತೆ ಮಾದರಿಗೆ ಅಂತ ಕೆಲವು ಲಿಂಕ್ ಕಳಿಸಿದ್ದಾರೆ. "ಡಿಎ 90ರ ಮೇಲಿನ ಸೈಟುಗಳಿಂದ ಬ್ಯಾಕ್‌ಲಿಂಕ್" ಅಂತೆ. ನೋಡಿದರೆ ದೊಡ್ಡ ದೊಡ್ಡ ಉಚಿತ ಬ್ಲಾಗ್ ತಾಣಗಳ ವಿಳಾಸಗಳೇ ಇವೆ. ಇದು ಸುಳ್ಳಾ ನಿಜವಾ?

ಕ್ರಾಲರ್_27

ಅದರಲ್ಲಿ ಒಂದನ್ನು ತೆರೆದು ನೋಡಿ, ನಾನು ಹೇಳುವುದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಒಂದು ಪ್ರೊಫೈಲ್ ಪುಟ. ಮೇಲೆ ಬೂದು ಬಣ್ಣದ ಖಾಲಿ ಫೋಟೋ. ಕೆಳಗೆ ಒಂದು ವಾಕ್ಯದ ಪರಿಚಯ. ಅದರ ಕೆಳಗೆ ಸಾಲ, ಜೂಜು, ತೂಕ ಇಳಿಸುವ ಮಾತ್ರೆ, ಆಮೇಲೆ ಯಾರದೋ ಪೀಠೋಪಕರಣ, ಹೀಗೆ ಸಂಬಂಧವೇ ಇಲ್ಲದ ಲಿಂಕ್‌ಗಳ ಸಾಲು. ನಿಮ್ಮ ಸೈಕಲ್ ಸೈಟ್ ಆ ಸಾಲಿನ ಕೊನೆಗೆ ಸೇರುತ್ತದೆ.

ಆ 90 ಅನ್ನುವುದು ಇಡೀ ತಾಣದ ಅಂಕ. ಲಕ್ಷಾಂತರ ಜನ ವರ್ಷಗಟ್ಟಲೆ ಅಲ್ಲಿ ಬರೆದದ್ದಕ್ಕೆ ಬಂದದ್ದು. ಈ ಪ್ರೊಫೈಲ್ ಪುಟಕ್ಕೆ ಮಾತ್ರ ಯಾರೂ ಲಿಂಕ್ ಕೊಟ್ಟಿರುವುದಿಲ್ಲ. ಅದೇ ಮಾಜ್‌ನಲ್ಲಿ ಪೇಜ್ ಅಥಾರಿಟಿ (ಒಂದೊಂದು ಪುಟದ ಅಂಕ) ನೋಡಿ, ತಳದಲ್ಲಿ ಇರುತ್ತದೆ. ಈಗ ಪುಟದ ಸೋರ್ಸ್ (ಅದರ ಹಿಂದಿನ ಕೋಡ್) ತೆರೆದು ಆ ಲಿಂಕ್‌ಗಳಿರುವ ಸಾಲು ಹುಡುಕಿ. ರೆಲ್ ಅನ್ನುವ ಕಡೆ ನೋಫಾಲೋ ಅಥವಾ ಯುಜಿಸಿ ಅಂತ ಇದ್ದೇ ಇರುತ್ತದೆ ಅನ್ನಬಹುದು.

ಮೌನವೀಣೆ

ನೋಫಾಲೋ ಇದ್ದರೆ ಏನಾಗುತ್ತೆ?

ಕ್ರಾಲರ್_27

"ಈ ಲಿಂಕ್‌ಗೆ ನಾನು ಶಿಫಾರಸು ಕೊಡುತ್ತಿಲ್ಲ" ಅಂತ ಸರ್ಚ್ ಎಂಜಿನ್‌ಗೆ ಹೇಳುವ ಗುರುತು. 2005ರಲ್ಲಿ ಬಂತು, ಕಮೆಂಟ್‌ಗಳಲ್ಲಿ ಸ್ಪ್ಯಾಮ್ ಸುರಿಯುವವರನ್ನು ತಡೆಯಲು. 2019ರಲ್ಲಿ ಗೂಗಲ್ ಇದರ ಜೊತೆಗೆ ಇನ್ನೆರಡು ಸೇರಿಸಿತು: ದುಡ್ಡು ಕೊಟ್ಟ ಲಿಂಕ್‌ಗೆ ಸ್ಪಾನ್ಸರ್ಡ್, ಬಳಕೆದಾರರು ಹಾಕಿದ್ದಕ್ಕೆ ಯುಜಿಸಿ. ಆಗಿನಿಂದ ಮೂರನ್ನೂ ಕಟ್ಟಾಜ್ಞೆಯಾಗಿ ಅಲ್ಲ, ಸುಳಿವಾಗಿ ನೋಡುತ್ತದೆ.

ಸರ್ಚ್_ಸಂಗಾತಿ

ಈ ತರಹದ ಪ್ರೊಫೈಲ್ ಲಿಂಕ್ ಮಾರುವವರಿಂದ ನಮ್ಮ ಕೆಲಸದ ಮಾನ ಹೋಗುತ್ತಿದೆ. ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ. ಪೆಡಲ್ ಅವರೇ, ರ‍್ಯಾಂಕಿಂಗ್‌ಗಾಗಿ ಲಿಂಕ್ ಕೊಳ್ಳುವುದು ಗೂಗಲ್‌ನ ಸ್ಪ್ಯಾಮ್ ನಿಯಮಗಳಿಗೆ ವಿರುದ್ಧ. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಗೂಗಲ್ ಬದಲಾವಣೆ ಬಂದಾಗ ಹೀಗೆ ಕೊಂಡ ಲಿಂಕ್‌ಗಳ ಮೇಲೆ ನಿಂತಿದ್ದ ಸೈಟುಗಳು ರಾತ್ರೋರಾತ್ರಿ ಕುಸಿದವು. 2016ರ ಸೆಪ್ಟೆಂಬರ್‌ನಿಂದ ಪೆಂಗ್ವಿನ್ ಮುಖ್ಯ ಅಲ್ಗಾರಿದಮ್‌ನ ಭಾಗವೇ ಆಗಿದೆ. ಈಗ ಹೆಚ್ಚಾಗಿ ಅಂಥ ಲಿಂಕ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ದುಡ್ಡು ಹೋಯಿತು ಅಷ್ಟೇ.

ಮೌನವೀಣೆ

ನನ್ನ ಸೈಟಿಗೂ ಇಂಥ ಕಸದ ಲಿಂಕ್ ತಾನಾಗೇ ಬಂದಿವೆ, ನಾನು ಕೇಳಿಯೇ ಇಲ್ಲ. ಡಿಸ್‌ಅವೋ (ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ ಗೂಗಲ್‌ಗೆ ಹೇಳುವುದು) ಮಾಡಬೇಕಾ?

ಸರ್ಚ್_ಸಂಗಾತಿ

ನೀವು ಕೊಂಡಿಲ್ಲ, ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನ್ಯುಯಲ್ ಆ್ಯಕ್ಷನ್ (ಗೂಗಲ್‌ನವರೇ ನೋಡಿ ಹಾಕುವ ದಂಡನೆ) ಅಂತ ನೋಟಿಸ್ ಬಂದಿಲ್ಲ ಅಂದರೆ ಮುಟ್ಟಬೇಡಿ. ಒಳ್ಳೆಯ ಲಿಂಕನ್ನೂ ಸೇರಿಸಿ ತೆಗೆದುಬಿಡುವ ಅಪಾಯವೇ ಜಾಸ್ತಿ.

ಕ್ರಾಲರ್_27

ಪೆಡಲ್ ಅವರ ಇನ್ನೊಂದು ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಸರಾಸರಿ ಸ್ಥಾನ ಇಳಿದು ಕ್ಲಿಕ್ ಏರುವುದು ಹೇಗೆ ಅಂತ. ಸರ್ಚ್ ಕನ್ಸೋಲ್ ನಿಮ್ಮ ಸೈಟ್ ಫಲಿತಾಂಶದಲ್ಲಿ ಕಾಣಿಸಿಕೊಂಡ ಪ್ರತಿ ಹುಡುಕಾಟದ ಸ್ಥಾನವನ್ನೂ ಸೇರಿಸಿ ಸರಾಸರಿ ತೆಗೆಯುತ್ತದೆ. ಮೊದಲು ನಿಮ್ಮ ಸೈಟ್ ಕೆಲವೇ ಪ್ರಶ್ನೆಗಳಿಗೆ 6ನೇ ಸ್ಥಾನದಲ್ಲಿ ಬರುತ್ತಿತ್ತು ಅಂದುಕೊಳ್ಳಿ. ಈಗ ಆ ಪ್ರಶ್ನೆಗಳಿಗೆ 4ಕ್ಕೆ ಏರಿದೆ. ಜೊತೆಗೆ ಹೊಸದಾಗಿ ನೂರಾರು ಬೇರೆ ಪ್ರಶ್ನೆಗಳಿಗೆ 40, 50ನೇ ಸ್ಥಾನದಲ್ಲಿ ಕಾಣತೊಡಗಿದೆ. ಸರಾಸರಿ ಕುಸಿಯುತ್ತದೆ, ಕ್ಲಿಕ್ ಏರುತ್ತದೆ. ಇದು ಬೆಳವಣಿಗೆಯ ಲಕ್ಷಣ, ಕಾಯಿಲೆಯದಲ್ಲ.

ಹಾಗಾಗಿ ಇಡೀ ಸೈಟಿನ ಸರಾಸರಿ ನೋಡಬೇಡಿ. ಒಂದು ಪುಟ ಆರಿಸಿಕೊಳ್ಳಿ, ಆ ಪುಟಕ್ಕೆ ಬಂದ ಕ್ವೆರಿಗಳನ್ನು (ಜನ ಹುಡುಕಿದ ಪದಗಳನ್ನು) ನೋಡಿ, ಸ್ಥಾನ ಮತ್ತು ಇಂಪ್ರೆಶನ್ (ಫಲಿತಾಂಶದಲ್ಲಿ ಎಷ್ಟು ಸಲ ಕಾಣಿಸಿತು) ಎರಡೂ ಇಟ್ಟುಕೊಂಡು. 16 ತಿಂಗಳ ಮಾಹಿತಿ ಅಲ್ಲಿ ಸಿಗುತ್ತದೆ. ಅದು ಗೂಗಲ್‌ನದೇ ಮಾಹಿತಿ, ಯಾರ ಊಹೆಯೂ ಅಲ್ಲ.

ತರ್ಕಶಾಲೆ

ಪೂರ್ತಿ ಅಲ್ಲ. ತೀರಾ ಕಡಿಮೆ ಜನ ಹುಡುಕಿದ ಕ್ವೆರಿಗಳನ್ನು ಖಾಸಗಿತನದ ಕಾರಣಕ್ಕೆ ಅಲ್ಲಿ ತೋರಿಸುವುದಿಲ್ಲ. ಆದರೂ ಡಿಎಗಿಂತ ಸಾವಿರ ಪಾಲು ಮೇಲು, ಒಪ್ಪಿದೆ.

ಪೆಡಲ್_ಪುರಾಣ

ನೋಡಿದೆ. ಚೈನ್ ಬಗ್ಗೆ ಇರುವ ಪುಟಕ್ಕೆ ಅತಿ ಹೆಚ್ಚು ಜನ ಬರುತ್ತಾರೆ. "ಸೈಕಲ್ ಚೈನ್ ಜಾರುತ್ತದೆ" ಅಂತ ಹುಡುಕಿದರೆ ಸರಾಸರಿ 4ನೇ ಸ್ಥಾನ. ಆದರೆ "ಗೇರ್ ಬದಲಿಸುವಾಗ ಚೈನ್ ಕಳಚುತ್ತದೆ" ಅನ್ನುವುದಕ್ಕೆ 19. ಇಂಪ್ರೆಶನ್ ಮಾತ್ರ ಎರಡನೆಯದಕ್ಕೇ ಜಾಸ್ತಿ. ಒಂದೇ ಪುಟ, ಒಂದೇ ಡಿಎ, ಇಷ್ಟು ವ್ಯತ್ಯಾಸ.

ಬಿಟ್_ಬೈಟ್

ವಿಷಯಾಂತರಕ್ಕೆ ಕ್ಷಮಿಸಿ, ನನ್ನ ಸೈಕಲ್‌ದೂ ಇದೇ ಕಥೆ! ಹೊಸ ಚೈನ್ ಹಾಕಿಸಿದ ಮೇಲೆ ಜೋರಾಗಿ ತುಳಿದರೆ ಟಕ್ ಅಂತ ಜಾರುತ್ತದೆ. ಚೈನೇ ಕಳಪೆಯಾ?

ಪೆಡಲ್_ಪುರಾಣ

ಚೈನ್‌ನ ತಪ್ಪಲ್ಲ ಅನಿಸುತ್ತದೆ. ಹಿಂದಿನ ಚಕ್ರದ ಹಲ್ಲುಗಳು ಹಳೇ ಚೈನ್ ಜೊತೆಗೇ ಸವೆದಿರುತ್ತವೆ. ಹೊಸ ಚೈನ್ ಸವೆದ ಹಲ್ಲಿನ ಮೇಲೆ ಕೂರುವುದಿಲ್ಲ, ಭಾರ ಬಿದ್ದಾಗ ಮೇಲೆ ಹತ್ತಿ ಜಾರುತ್ತದೆ. ಮುಂದಿನ ಸಲ ಹೀಗಾಗದಿರಲು ಚೈನನ್ನು ಆಗಾಗ ಅಳೆಯಿರಿ. ಒಂದು ಪಿನ್‌ನಿಂದ ಇನ್ನೊಂದು ಪಿನ್‌ಗೆ ಅರ್ಧ ಇಂಚು ಇರಬೇಕು, ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು. 1/16 ಇಂಚು ಉದ್ದವಾಗಿದ್ದರೆ ಚೈನ್ ಬದಲಿಸುವ ಸಮಯ. 1/8 ಇಂಚು ದಾಟಿದ್ದರೆ ಹಲ್ಲುಗಳೂ ಹೋಗಿರುತ್ತವೆ.

ಚೈನ್ ಕಳಚಿ ಬೀಳುವುದು ಬೇರೆ ಕಾಯಿಲೆ. ಅದಕ್ಕೆ ಸಾಮಾನ್ಯವಾಗಿ, ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್‌ನ ಲಿಮಿಟ್ ಸ್ಕ್ರೂ ಸರಿ ಮಾಡಬೇಕು. ಹೆಚ್ಚಿನವುಗಳ ಮೇಲೆ ಎಚ್, ಎಲ್ ಅಂತ ಬರೆದ ಎರಡು ಪುಟ್ಟ ಸ್ಕ್ರೂ ಇರುತ್ತವೆ. ಚಿಕ್ಕ ಹಲ್ಲುಚಕ್ರ ದಾಟಿ ಹೊರಗೆ ಬಿದ್ದರೆ ಎಚ್, ದೊಡ್ಡದನ್ನು ದಾಟಿ ಕಡ್ಡಿಗಳ ಕಡೆ ಬಿದ್ದರೆ ಎಲ್. ಕಾಲು ಸುತ್ತು ತಿರುಗಿಸಿ ನೋಡಿ, ಮತ್ತೆ ಕಾಲು ಸುತ್ತು.

ಬಿಟ್_ಬೈಟ್

ಅದ್ಭುತ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ನೀಲಿಶಾಯಿ

ಪೆಡಲ್ ಅವರೇ, ನಿಮ್ಮ ಸೈಟ್ ಈಗಷ್ಟೇ ನೋಡಿ ಬಂದೆ. ಇಲ್ಲಿ ಬರೆದದ್ದು ಅಲ್ಲಿ ಯಾಕಿಲ್ಲ? ಆ ಪುಟ ಚೈನ್‌ನ ಇತಿಹಾಸದಿಂದ ಶುರುವಾಗುತ್ತದೆ. ಕಳಚುವುದರ ಬಗ್ಗೆ ಕೊನೆಯಲ್ಲಿ ಎರಡು ಸಾಲು ಮಾತ್ರ ಇದೆ, ಲಿಮಿಟ್ ಸ್ಕ್ರೂ ಮಾತೇ ಇಲ್ಲ. 19ನೇ ಸ್ಥಾನಕ್ಕೆ ಕಾರಣ ಇದೇ ಇರಬಹುದು. ಜಾರುವುದು ಒಂದು ಪ್ರಶ್ನೆ, ಕಳಚುವುದು ಇನ್ನೊಂದು. ಎರಡನೆಯದಕ್ಕೆ ನಿಮ್ಮಲ್ಲಿ ಪುಟವೇ ಇಲ್ಲ.

ಸರ್ಚ್_ಸಂಗಾತಿ

ಸರಿಯಾಗಿ ಹಿಡಿದಿರಿ. ಸರ್ಚ್ ಫಲಿತಾಂಶಗಳ ಗುಣಮಟ್ಟ ನೋಡುವ ತನ್ನ ಮೌಲ್ಯಮಾಪಕರಿಗೆ ಗೂಗಲ್ ಕೊಡುವ ಮಾರ್ಗಸೂಚಿಯಲ್ಲಿ 2022ರ ಡಿಸೆಂಬರ್‌ನಲ್ಲಿ "ಅನುಭವ" ಅನ್ನುವುದನ್ನು ಸೇರಿಸಿತು. ಕೈಯಾರೆ ಮಾಡಿದವರು ಬರೆದದ್ದಾ ಅಂತ ನೋಡಲು. ಅದು ನೇರವಾಗಿ ಒಂದು ರ‍್ಯಾಂಕಿಂಗ್ ಅಂಕ ಅಲ್ಲ, ಆದರೆ ಅವರು ಎತ್ತ ನೋಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. "ಕಾಲು ಸುತ್ತು ತಿರುಗಿಸಿ" ಅನ್ನುವ ಮಾತು ಸ್ಕ್ರೂಡ್ರೈವರ್ ಹಿಡಿದವರಿಗೆ ಮಾತ್ರ ಬರುತ್ತದೆ.

ತರ್ಕಶಾಲೆ

ಹಾಗಂತ ಚೆನ್ನಾಗಿ ಬರೆದರೆ ಸಾಕು ಅನ್ನುವ ಭ್ರಮೆಯೂ ಬೇಡ. ಚೆನ್ನಾಗಿ ಬರೆದು 30ನೇ ಸ್ಥಾನದಲ್ಲಿ ಕೊಳೆಯುತ್ತಿರುವ ಪುಟಗಳು ಬೇಕಾದಷ್ಟಿವೆ. ದೊಡ್ಡ ಸೈಟುಗಳು ಇದೇ ವಿಷಯ ಪೇಲವವಾಗಿ ಬರೆದು ಮೇಲೆ ಕೂತಿವೆ.

ಹಳೇ_ಬ್ಲಾಗಿಗ

ಆ ಮಾತು ನಿಜ, ಅದು ಅನ್ಯಾಯ ಅಂತಲೂ ನನಗೆ ಅನಿಸುತ್ತದೆ. ಆದರೆ ದೊಡ್ಡ ಹೆಸರನ್ನು ಬಾಡಿಗೆಗೆ ಬಿಡುವ (ಹೆಸರಿರುವ ಸೈಟಿನಲ್ಲಿ ಬೇರೆಯವರ ಬರಹ ಹಾಕಿ ಮೇಲೆ ತರುವ) ಆಟಕ್ಕೆ ಗೂಗಲ್ ಕೂಡ ಕಡಿವಾಣ ಹಾಕುತ್ತಿದೆ. 2024ರ ಮಾರ್ಚ್‌ನಲ್ಲಿ ಅದರ ಬಗ್ಗೆ ನಿಯಮ ಬಂತು, ಮೇಯಿಂದ ಜಾರಿ. ಹೆಸರಿದ್ದ ಡೊಮೇನ್‌ಗಳ ಅವಧಿ ಮುಗಿದಾಗ ಕೊಂಡು ಅದರಲ್ಲಿ ಬೇರೇನೋ ತುಂಬುವುದನ್ನೂ ಆಗಲೇ ನಿಯಮದ ಒಳಗೆ ತಂದರು. ಡಿಎ ನೋಡಿ ಹಳೇ ಡೊಮೇನ್ ಖರೀದಿಸುವವರು ಇದನ್ನು ಗಮನಿಸಬೇಕು.

ಪೆಡಲ್_ಪುರಾಣ

ಚೈನ್ ಕಳಚುವುದಕ್ಕೆ ಬೇರೆ ಪುಟ ಬರೆಯಲು ಕೂತಿದ್ದೇನೆ. ಸ್ಕ್ರೂ ತಿರುಗಿಸುವ ಫೋಟೋಗಳನ್ನೂ ಹಾಕುತ್ತೇನೆ. ಒಂದು ಅನುಮಾನ. ಹಳೇ ಪುಟದಲ್ಲಿರುವ ಆ ಎರಡು ಸಾಲು ತೆಗೆದುಹಾಕಲಾ? ಪುಟದ ವಿಳಾಸವನ್ನೂ ಬದಲಿಸಬೇಕಾ?

ಕ್ರಾಲರ್_27

ವಿಳಾಸ ಮುಟ್ಟಬೇಡಿ, ಅದು 4ನೇ ಸ್ಥಾನದಲ್ಲಿ ಚೆನ್ನಾಗಿ ಕೂತಿದೆ. ಎರಡು ಸಾಲು ಇರಲಿ. ಅಲ್ಲಿಂದಲೇ ಹೊಸ ಪುಟಕ್ಕೆ ಲಿಂಕ್ ಕೊಡಿ. "ಇಲ್ಲಿ ಒತ್ತಿ" ಅಂತ ಬರೆಯಬೇಡಿ, "ಗೇರ್ ಬದಲಿಸುವಾಗ ಚೈನ್ ಕಳಚಿದರೆ" ಅಂತಲೇ ಲಿಂಕ್ ಮಾಡಿ. ಲಿಂಕ್‌ನ ಪದಗಳು ಆ ಪುಟ ಯಾವುದರ ಬಗ್ಗೆ ಅಂತ ಗೂಗಲ್‌ಗೂ ಹೇಳುತ್ತವೆ, ಓದುವವರಿಗೂ ಹೇಳುತ್ತವೆ. ಹಾಕಿದ ಮೇಲೆ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ವಿಳಾಸ ಕೊಟ್ಟು ಇಂಡೆಕ್ಸಿಂಗ್ (ಗೂಗಲ್‌ನ ಪಟ್ಟಿಗೆ ಸೇರಿಸುವುದು) ಕೇಳಿ. ಕೆಲವು ವಾರ ಬಿಟ್ಟು ಆ ಪುಟದ ಕ್ವೆರಿಗಳನ್ನು ಮಾತ್ರ ನೋಡಿ.

ಬಿಟ್_ಬೈಟ್

ಪುಟ ರೆಡಿಯಾದಾಗ ಇಲ್ಲೇ ಲಿಂಕ್ ಹಾಕಿ ಅಣ್ಣ. ನನ್ನ ತಂಗಿಯ ಸೈಕಲ್‌ನಲ್ಲಿ ಚೈನ್ ಕಡ್ಡಿಗಳ ಕಡೆಗೇ ಬೀಳುತ್ತದೆ, ಎಲ್ ಸ್ಕ್ರೂ ತಾನೇ?

ಪೆಡಲ್_ಪುರಾಣ

ಹೌದು, ಎಲ್. ಬಲಕ್ಕೆ ಕಾಲು ಸುತ್ತು ಬಿಗಿ ಮಾಡಿ ನೋಡಿ. ಅದಕ್ಕೂ ಮೊದಲು ಡಿರೇಲರ್ ತಗುಲಿಸಿದ ಕೊಕ್ಕೆ ಬಾಗಿದೆಯಾ ಅಂತ ಹಿಂದಿನಿಂದ ಕಣ್ಣಳತೆಯಲ್ಲಿ ನೋಡಿಕೊಳ್ಳಿ. ಬಾಗಿದ್ದರೆ ಸ್ಕ್ರೂ ಎಷ್ಟು ತಿರುಗಿಸಿದರೂ ಗೇರ್ ಸರಿಯಾಗಿ ಕೂರುವುದಿಲ್ಲ.